ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಆಮೇಲೆ ಔಷಧಿ ಕುಡಿಸಿ

ಕುರಿಯ ಹಿಕ್ಕೆಯ ಮೇಲೆ ಬೆಂದ ಅನ್ನದ ಅಗುಳಿನಂಥ ಬಿಳಿ ತುಣುಕುಗಳು ಕಂಡರೆ ಸಾಕಿದವರಿಗೆ ದಿಗಿಲಾಗುತ್ತದೆ. ಅವತ್ತೇ ಅಂಗಡಿಯಿಂದ ಜಂತುಹುಳದ ಔಷಧಿ ತಂದು ಮಂದೆಗೆಲ್ಲ ಕುಡಿಸುತ್ತಾರೆ. ಹಿಕ್ಕೆ ಚೊಕ್ಕಟವಾಗಿದ್ದರೆ ಜಂತು ಇಲ್ಲವೆಂದು ಸುಮ್ಮನಾಗುತ್ತಾರೆ. ಈ ಎರಡೂ ತೀರ್ಮಾನಗಳು ಹೆಚ್ಚಿನ ಸಲ ತಪ್ಪು. ಆ ಅಗುಳುಗಳು ಲಾಡಿಹುಳುವಿನ ತುಂಡುಗಳು; ನೋಡಲು ಅಸಹ್ಯವಾದರೂ ಬೆಳೆದ ಕುರಿಗೆ ಅದರಿಂದ ದೊಡ್ಡ ಹಾನಿಯಿಲ್ಲ. ಕುರಿಯನ್ನು ನಿಜವಾಗಿ ಕೊಲ್ಲುವ ಹುಳು ಹೊಟ್ಟೆಯೊಳಗೇ ಅಂಟಿಕೊಂಡಿರುತ್ತದೆ, ಹಿಕ್ಕೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದು ಹೊರಗೆ ಬಿಡುವ ಮೊಟ್ಟೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಸಿಗುವಷ್ಟು ಸಣ್ಣದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಲ್ಲಿ ಕುರಿ ಸಾಕಿದವರಿದ್ದಾರೆ, ಹಳ್ಳಿಕಾರ್ ಜೋಡಿ ಕಟ್ಟಿದವರಿದ್ದಾರೆ, ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವವರಂತೂ ಊರೂರಿನಲ್ಲಿದ್ದಾರೆ. ಇವರೆಲ್ಲರ ಮುಂದೆ ಇಡಬೇಕಾದ ಮಾತು ಒಂದೇ. ಜಂತುವಿನ ಗುರುತನ್ನು ಸಗಣಿಯಲ್ಲಿ ಹುಡುಕುವ ಮೊದಲು ದನದ ಮೈಮೇಲೆ ಹುಡುಕಬೇಕು. ಗುರುತು ಹಿಡಿದ ಮೇಲೆ, ಯಾವ ಹುಳು ಎಂದು ತಿಳಿದ ಮೇಲೆ, ಬೇಕಾದ ಪ್ರಾಣಿಗೆ ಬೇಕಾದ ಔಷಧಿ ಕೊಡಬೇಕು. ಕ್ಯಾಲೆಂಡರ್ ನೋಡಿಕೊಂಡು ಇಡೀ ಮಂದೆಗೆ ಕುಡಿಸುವ ರೂಢಿ ನಮ್ಮ ಕೈಯಲ್ಲಿರುವ ಔಷಧಿಗಳನ್ನೇ ನಿಷ್ಪ್ರಯೋಜಕ ಮಾಡುತ್ತಿದೆ.

ಕುರಿ ಮೇಕೆಗಳಿಗೆ ಮಾರಿಯಾಗಿರುವ ಆ ಹುಳುವಿನ ಹೆಸರು ಹೀಮಾಂಕಸ್ ಕಂಟಾರ್ಟಸ್. ಮೆಲುಕು ಹಾಕುವ ಪ್ರಾಣಿಯ ನಾಲ್ಕನೆಯ ಹೊಟ್ಟೆಯಲ್ಲಿ ಅದರ ವಾಸ. ಹೆಣ್ಣುಹುಳು ಎರಡರಿಂದ ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಕೆಂಪು ಬಿಳಿ ನೂಲು ಸೇರಿಸಿ ಹೊಸೆದ ದಾರದಂತೆ ಕಾಣುತ್ತದೆ. ಒಂದು ಹುಳು ದಿನಕ್ಕೆ ನಷ್ಟ ಮಾಡುವ ರಕ್ತ ಸುಮಾರು 0.05 ಮಿಲಿಲೀಟರ್, ಒಂದು ಹನಿಯಷ್ಟು. ಆದರೆ ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿಲೀಟರ್ ಹೋಯಿತು. ಇಪ್ಪತ್ತು ಕೆಜಿ ತೂಗುವ ಮರಿಯ ಮೈಯಲ್ಲಿರುವ ರಕ್ತವೇ ಒಂದೂವರೆ ಲೀಟರಿನ ಆಸುಪಾಸು. ಅದು ಎಷ್ಟು ದಿನ ತಡೆದೀತು? ಹೆಣ್ಣುಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮುಂಗಾರಿನ ಬೆಚ್ಚನೆಯ ತೇವದಲ್ಲಿ ಆ ಮೊಟ್ಟೆಗಳು ಒಂದು ವಾರದೊಳಗೆ ಸೋಂಕು ಹತ್ತಿಸಬಲ್ಲ ಮರಿಗಳಾಗುತ್ತವೆ, ಹುಲ್ಲಿನ ಎಸಳಿನ ಮೇಲಿನ ನೀರಿನ ಪಸೆ ಹಿಡಿದು ಹತ್ತುತ್ತವೆ. ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿದ ಮೂರು ವಾರಕ್ಕೆ ಮತ್ತೆ ಮೊಟ್ಟೆ ಇಡಲು ಸಿದ್ಧ. ಮಳೆಗಾಲದಲ್ಲಿ, ಹಸಿರು ಹುಲ್ಲು ಸಮೃದ್ಧಿಯಾಗಿ ಸಿಗುವಾಗಲೇ, ಚೆನ್ನಾಗಿ ಮೇಯುತ್ತಿದ್ದ ಮರಿಗಳು ಇದ್ದಕ್ಕಿದ್ದಂತೆ ಬೀಳುವುದು ಇದಕ್ಕೇ. ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು: ಈ ಹುಳು ಸಾಮಾನ್ಯವಾಗಿ ಬೇಧಿ ಮಾಡಿಸುವುದಿಲ್ಲ. ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಬೇಧಿ ಇದ್ದರೆ ಮಾತ್ರ ಜಂತು ಎಂದು ನಂಬಿಕೊಂಡವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹಾಗಾದರೆ ಗುರುತು ಎಲ್ಲಿದೆ? ಕಣ್ಣಿನಲ್ಲಿ. ದಕ್ಷಿಣ ಆಫ್ರಿಕಾದ ಕುರಿ ಸಾಕಣೆದಾರರು 1990ರ ದಶಕದ ಹೊತ್ತಿಗೆ ಯಾವ ಔಷಧಿಗೂ ಬಗ್ಗದ ಹೀಮಾಂಕಸ್ ಕಾಟದಿಂದ ಕಂಗೆಟ್ಟಿದ್ದರು. ಆಗ ಅಲ್ಲಿನ ಪಶುವೈದ್ಯ ಫಾಫಾ ಮಲಾನ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ಹುಡುಕಿದರು. ರಕ್ತ ಹೀರುವ ಹುಳು ಹೆಚ್ಚಿದಂತೆ ಕೆಳರೆಪ್ಪೆಯ ಒಳಪದರ ಬಿಳಿಚಿಕೊಳ್ಳುತ್ತದೆ. ಆ ಬಣ್ಣವನ್ನು ಐದು ಹಂತಗಳಾಗಿ ಮುದ್ರಿಸಿದ ಒಂದು ಕಾರ್ಡು ತಯಾರಾಯಿತು, ಮಲಾನ್ ಹೆಸರಿನಿಂದಲೇ ಫಮಾಚಾ ಎಂಬ ಹೆಸರೂ ಬಂತು. ನೋಡುವ ಕ್ರಮ ಹೀಗೆ: ಕುರಿಯನ್ನು ಬೆಳಗಿನ ಬಿಸಿಲಿಗೆ ತನ್ನಿ, ಕೊಟ್ಟಿಗೆಯ ಮಬ್ಬಿನಲ್ಲಿ ಬಣ್ಣ ತಿಳಿಯುವುದಿಲ್ಲ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮುಚ್ಚಿ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆಯಿರಿ. ಒಳಗಿನ ತೇವದ ಪದರ ಹೊರಳಿ ಕಾಣುತ್ತದೆ. ಅದು ದಾಸವಾಳದ ಹಾಗೆ ಕೆಂಪಾಗಿದ್ದರೆ ಚಿಂತೆಯಿಲ್ಲ, ಗುಲಾಬಿಗೆ ತಿರುಗಿದ್ದರೆ ಎಚ್ಚರ, ಸುಣ್ಣ ಬಳಿದಂತೆ ಬಿಳಿಯಾಗಿದ್ದರೆ ಆ ಕುರಿ ಸಾವಿನ ಹತ್ತಿರವಿದೆ. ಎರಡು ಮೂರು ಸೆಕೆಂಡಿನಲ್ಲಿ ನೋಡಿ ಬಿಡಬೇಕು. ಹೆಚ್ಚು ಹೊತ್ತು ಎಳೆದು ಹಿಡಿದರೆ ಪದರ ತಾನಾಗಿ ಕೆಂಪೇರಿ ಕಣ್ಣು ಮೋಸ ಹೋಗುತ್ತದೆ. ಎರಡೂ ಕಣ್ಣು ನೋಡಿ, ಹೆಚ್ಚು ಬಿಳಿಚಿದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕು, ಐದನೆಯ ಹಂತದವಕ್ಕೆ ಔಷಧಿ ಬೇಕೇ ಬೇಕು. ಮರಿ ಮತ್ತು ಗಬ್ಬದ ಕುರಿಗಳಾದರೆ ಮೂರನೆಯ ಹಂತದಲ್ಲೇ ಕೊಡುವುದು ಕ್ಷೇಮ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಈ ಕೆಲಸ ಮಾಡಿದರೆ ಮಂದೆಯಲ್ಲಿ ಯಾವ ಕುರಿ ಸೋಲುತ್ತಿದೆ ಎಂಬುದು ಮುಂಚೆಯೇ ಗೊತ್ತಾಗುತ್ತದೆ.

ಎರಡನೆಯ ಗುರುತು ಗದ್ದದ ಕೆಳಗಿನ ಊತ. ರಕ್ತದಲ್ಲಿ ಪ್ರೋಟೀನು ಕಡಿಮೆಯಾದಾಗ ದವಡೆಯ ಅಡಿಯಲ್ಲಿ ನೀರು ಇಳಿದು ಚೀಲದಂತೆ ಜೋತು ಬೀಳುತ್ತದೆ. ಇದನ್ನು ಗಳಲೆ ರೋಗವೆಂದು ತಪ್ಪು ತಿಳಿಯುವುದುಂಟು, ಗಳಲೆಯನ್ನು ಜಂತುವೆಂದು ತಿಳಿಯುವುದೂ ಉಂಟು. ಎರಡನೆಯ ತಪ್ಪು ಪ್ರಾಣಕ್ಕೇ ಎರವಾಗುತ್ತದೆ. ಗಳಲೆಯ ಊತ ಬಿಸಿ, ನೋವು. ಜ್ವರ ಏರಿರುತ್ತದೆ, ಉಸಿರು ಕಟ್ಟುತ್ತದೆ, ಒಂದೆರಡು ದಿನದಲ್ಲಿ ದನ ಹೋಗಿಬಿಡುತ್ತದೆ. ಜಂತುವಿನ ಊತ ತಣ್ಣಗಿರುತ್ತದೆ, ಮುಟ್ಟಿದರೆ ನೋವಿಲ್ಲ, ಬೆರಳಿನಿಂದ ಒತ್ತಿದರೆ ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಕುಳಿ ಬೀಳುತ್ತದೆ. ದಿನವೆಲ್ಲ ತಲೆ ತಗ್ಗಿಸಿ ಮೇದು ಸಂಜೆ ಬರುವಾಗ ಹೆಚ್ಚಿದ್ದ ಊತ ಬೆಳಗಾಗುವಷ್ಟರಲ್ಲಿ ಇಳಿದಿರುವುದೂ ಇದರದೇ ಲಕ್ಷಣ. ಮಿಕ್ಕ ಗುರುತುಗಳು ನಮ್ಮ ಹಿರಿಯರಿಗೆ ತಿಳಿದವೇ: ಬೆನ್ನುಮೂಳೆ ಕೈಗೆ ಚುಚ್ಚುವುದು, ರೋಮ ಹೊಳಪು ಕಳೆದುಕೊಂಡು ನಿಮಿರಿಕೊಳ್ಳುವುದು, ಬಾಲದ ಬುಡ ಮೆತ್ತಿಕೊಳ್ಳುವುದು, ಮಂದೆಯ ಹಿಂದೆ ಉಳಿಯುವುದು. ಒಂದೊಂದೇ ಕಂಡರೆ ಅವಕ್ಕೆ ಬೇರೆ ಕಾರಣಗಳೂ ಇರಬಹುದು. ಕಣ್ಣು, ಗದ್ದ, ಬೆನ್ನು, ಬಾಲ ಈ ನಾಲ್ಕನ್ನೂ ಕೂಡಿಸಿ ಓದಿದಾಗ ತೀರ್ಮಾನ ಗಟ್ಟಿಯಾಗುತ್ತದೆ.

ಹಸು ಎಮ್ಮೆಗಳ ವಿಷಯಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಅದಕ್ಕೆ ಈ ಸೀಮೆಯ ನೀರೂ ಒಂದು ಕಾರಣ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಆ ನೀರು ನಾಲೆಗಳಲ್ಲಿ ಹರಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹೊಲಗದ್ದೆಗಳನ್ನು ಹಸಿರು ಮಾಡಿತು. ಅದರ ಉಪಕಾರವನ್ನು ಯಾರೂ ಮರೆಯಲಾರರು. ಆದರೆ ನಿಂತ ನೀರು, ಗದ್ದೆಯ ಬದು, ನಾಲೆಯ ಜೌಗು ಇದ್ದಲ್ಲಿ ಬಸವನಹುಳು ಇರುತ್ತದೆ. ಬಸವನಹುಳು ಇದ್ದಲ್ಲಿ ಅದರೊಳಗೆ ಅರ್ಧ ಬದುಕು ಕಳೆಯುವ ಮೂರು ಬಗೆಯ ಚಪ್ಪಟೆ ಹುಳುಗಳಿಗೆ ನೆಲೆ ಸಿಗುತ್ತದೆ. ಒಂದು, ಪಿತ್ತಜನಕಾಂಗ ಸೇರುವ ಎಲೆಯಾಕಾರದ ಹುಳು: ಹಾಲು ಇಳಿಯುತ್ತದೆ, ಹಸು ಬಡಕಲಾಗುತ್ತದೆ, ಗದ್ದ ಊದುತ್ತದೆ. ಇನ್ನೊಂದು, ಬೆಳೆದ ಮೇಲೆ ಮೊದಲ ಹೊಟ್ಟೆಯಲ್ಲಿ ದಾಳಿಂಬೆ ಬೀಜ ಅಂಟಿಸಿದಂತೆ ಕೂರುವ ಹುಳು. ಬಲಿತ ಮೇಲೆ ಅದು ಅಷ್ಟೇನೂ ತೊಂದರೆ ಕೊಡುವುದಿಲ್ಲ, ಮರಿಯಾಗಿದ್ದಾಗ ಸಣ್ಣಕರುಳನ್ನು ಕೆರೆದು ನಾರುವ ನೀರುಬೇಧಿ ಹಿಡಿಸಿ ಕೊಲ್ಲುತ್ತದೆ. ಮೂರನೆಯದು ಮೂಗಿನ ರಕ್ತನಾಳದಲ್ಲಿ ನೆಲೆಸಿ ಗೊರಕೆ ರೋಗ ತರುವಂಥದು. ದನ ಉಸಿರಾಡುವಾಗ ಕೊಟ್ಟಿಗೆಯಾಚೆ ಕೇಳುವ ಗೊರಗೊರ ಸದ್ದು, ಮೂಗಿನಿಂದ ಕೀವು ರಕ್ತ ಬೆರೆತ ಸಿಂಬಳ, ಹೊಳ್ಳೆಯೊಳಗೆ ಹೂಕೋಸಿನಂಥ ಗೆಡ್ಡೆ. ಮದರಾಸು ಪ್ರಾಂತ್ಯದ ಪಶುವೈದ್ಯ ವಿಜ್ಞಾನಿ ಅನಂತನಾರಾಯಣ ರಾವ್ ಅವರು 1930ರ ದಶಕದಲ್ಲಿ ಇದಕ್ಕೆ ಕಾರಣವಾದ ಹುಳುವನ್ನು ವಿವರಿಸಿದರು. ನೆಗಡಿಯೆಂದು ತಿಂಗಳುಗಟ್ಟಲೆ ಮದ್ದು ಮಾಡಿಸುವ ಎಷ್ಟೋ ದನಗಳಿಗೆ ಇರುವುದು ಈ ಹುಳುವೇ. ಎಮ್ಮೆಗೆ ಇದೇ ಹುಳು ಹತ್ತಿದರೂ ಸದ್ದು ಕೇಳಿಸುವುದು ಅಪರೂಪ, ಆದರೆ ಅದು ಮೊಟ್ಟೆ ಬಿಡುತ್ತಲೇ ಇರುತ್ತದೆ.

ಕರುವಿನ ಮಾತನ್ನು ಬೇರೆಯಾಗಿಯೇ ಆಡಬೇಕು, ಏಕೆಂದರೆ ಗುರುತು ಕಾಣುವವರೆಗೆ ಕಾಯಬಾರದ ಜಾಗಗಳಲ್ಲಿ ಅದು ಮೊದಲನೆಯದು. ಎಮ್ಮೆಗರು ಮತ್ತು ಹಸುಗರುಗಳಿಗೆ ತಾಯಿಯ ಹಾಲಿನ ಮೂಲಕವೇ ದೊಡ್ಡ ದುಂಡುಹುಳು ಬರುತ್ತದೆ. ತಾಯಿಯ ಮೈಯಲ್ಲಿ ಅಡಗಿದ್ದ ಮರಿಹುಳುಗಳು ಈದ ಮೇಲೆ ಕೆಚ್ಚಲಿಗೆ ಇಳಿಯುತ್ತವೆ. ಕರು ಮೂರು ವಾರದ್ದಾಗುವಷ್ಟರಲ್ಲಿ ಅದರ ಕರುಳಿನಲ್ಲಿ ಅವು ಬೆಳೆದಿರುತ್ತವೆ. ಹೊಟ್ಟೆ ಡೊಳ್ಳಾಗಿ, ಸಗಣಿ ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿ ಅಂಟಂಟಾಗಿ, ಬಾಯಿ ಹುಳಿವಾಸನೆ ಹೊಡೆಯುವ ಕರುವನ್ನು ಕಂಡಿರದ ಹಳ್ಳಿಯಿಲ್ಲ. ಹಾಲು ಹೆಚ್ಚಾಯಿತು, ಅದಕ್ಕೇ ಬೇಧಿ ಎಂದು ತಾಯಿಯ ಹತ್ತಿರ ಬಿಡುವುದನ್ನೇ ನಿಲ್ಲಿಸಿ ಕರುವನ್ನು ಇನ್ನಷ್ಟು ಸೊರಗಿಸುವುದುಂಟು. ಹುಟ್ಟಿದ ಹತ್ತರಿಂದ ಹದಿನಾರನೆಯ ದಿನದೊಳಗೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಮೊದಲ ಔಷಧಿ ಕೊಟ್ಟರೆ, ಹುಳು ಮೊಟ್ಟೆ ಇಡುವ ಮೊದಲೇ ಹೋಗುತ್ತದೆ. ಅದರಿಂದ ಕೊಟ್ಟಿಗೆಯೂ ಚೊಕ್ಕಟವಾಗಿ ಉಳಿಯುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಇಷ್ಟೆಲ್ಲ ನೋಡುವ ಗೋಜೇಕೆ, ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಕುಡಿಸಿದರೆ ಮುಗಿಯಿತಲ್ಲ? ಇದಕ್ಕೆ ಉತ್ತರ ಕುದುರೆಗಳ ಚರಿತ್ರೆಯಲ್ಲಿದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕುದುರೆ ಅಪರೂಪ; ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕುಣಿಗಲ್ಲಿನ ಹೆಸರಾಂತ ಕುದುರೆ ಫಾರಂ ಸಿಕ್ಕುತ್ತದೆ, ಅಷ್ಟೆ. ಆದರೆ ಜಂತುವಿನ ವಿಷಯದಲ್ಲಿ ಕುದುರೆ ಸಾಕಿದವರು ಪಟ್ಟ ಪಾಡು ನಮಗೂ ಪಾಠ. ಕುದುರೆಯ ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಮರಿಹುಳು ಸೇರಿ ಹೊಟ್ಟೆಶೂಲೆ ತಂದು ಕೊಲ್ಲುವ ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬ ಹುಳು ಒಂದು ಕಾಲಕ್ಕೆ ದೊಡ್ಡ ಶತ್ರು. 1966ರಲ್ಲಿ ಅಮೆರಿಕದ ಕೆಂಟಕಿಯ ಡ್ರಜ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಆರೆಂಟು ವಾರಕ್ಕೊಮ್ಮೆ ಎಲ್ಲ ಕುದುರೆಗಳಿಗೂ ಔಷಧಿ ಕೊಡಿ ಎಂದರು. ಜಗತ್ತೆಲ್ಲ ಹಾಗೇ ಮಾಡಿತು. ಆ ಶತ್ರು ಸೋತಿತು. ಆದರೆ ಪ್ರತಿಸಲವೂ ಔಷಧಿಗೆ ಸಾಯದೆ ಉಳಿದ ಸಣ್ಣ ಹುಳುಗಳ ಸಂತಾನವೇ ಬೆಳೆಯುತ್ತ ಬಂದು, ಹಳೆಯ ಔಷಧಿ ಯಾವುದೂ ನಾಟದ ಸ್ಥಿತಿ ಬಂತು. ಕುರಿಗಳಲ್ಲಿ ಇದು ಇನ್ನೂ ಬೇಗ ಆಯಿತು: ಥಯಾಬೆಂಡಜೋಲ್ ಎಂಬ ಔಷಧಿ 1961ರಲ್ಲಿ ಮಾರುಕಟ್ಟೆಗೆ ಬಂತು, 1964ರಲ್ಲೇ ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾಯಿತು. ಮೂರೇ ವರ್ಷ! ಅದೇ ಗುಂಪಿನ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್‌ಗಳೇ ಇವತ್ತು ನಮ್ಮ ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವವು.

ಇದರ ಒಳಮರ್ಮ ಹೀಗಿದೆ. ಒಂದು ಮಂದೆಯ ಮೊಟ್ಟೆಗಳಲ್ಲಿ ಬಹುಪಾಲನ್ನು ಹೊರಗೆ ಬಿಡುವುದು ಐದರಲ್ಲಿ ಒಂದರಷ್ಟು ಪ್ರಾಣಿಗಳು ಮಾತ್ರ. ಉಳಿದವು ತಮ್ಮ ಮೈಯ ಕಸುವಿನಿಂದಲೇ ಹುಳುವನ್ನು ಹತೋಟಿಯಲ್ಲಿಟ್ಟಿರುತ್ತವೆ. ಎಲ್ಲಕ್ಕೂ ಔಷಧಿ ಕುಡಿಸಿದಾಗ ಬದುಕುವುದು ಔಷಧಿ ತಡೆದುಕೊಂಡ ಹುಳು ಮಾತ್ರ, ಹುಲ್ಲುಗಾವಲು ಅದರದೇ ಸಂತತಿಯಿಂದ ತುಂಬುತ್ತದೆ. ಗಟ್ಟಿಮುಟ್ಟಾದ ಕುರಿಗಳನ್ನು ಬಿಟ್ಟು ಸೋತವಕ್ಕೆ ಮಾತ್ರ ಕೊಟ್ಟರೆ, ಔಷಧಿಗೆ ಸಾಯುವ ಹುಳುವಿನ ಸಂತತಿಯೂ ಉಳಿದು ತಡೆಯುವ ಸಂತತಿಯನ್ನು ತೆಳುವಾಗಿಸುತ್ತದೆ. ಹುಳುವನ್ನು ಬೇಕೆಂದೇ ಒಂದಿಷ್ಟು ಉಳಿಸುವುದು ಕೇಳಲು ವಿಚಿತ್ರ, ಆದರೆ ಇದಕ್ಕಿಂತ ಒಳ್ಳೆಯ ದಾರಿ ಈವರೆಗೆ ಸಿಕ್ಕಿಲ್ಲ. ಕಣ್ಣಂದಾಜಿನಲ್ಲಿ ತೂಕ ಹಿಡಿದು ಅರೆಬರೆ ಔಷಧಿ ಹಾಕುವುದು ಇನ್ನೊಂದು ಕೇಡು. ಅದು ಹುಳುವಿಗೆ ಪಳಗುವ ತಾಲೀಮು ಕೊಟ್ಟಂತೆ. ಔಷಧಿಗೂ ಹುಳುವಿಗೂ ಜೋಡಿ ಸರಿಯಾಗಿರಬೇಕೆಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಐವರ್‌ಮೆಕ್ಟಿನ್ ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂದಿದೆ ನಿಜ, ಆದರೆ ಪಿತ್ತಜನಕಾಂಗದ ಚಪ್ಪಟೆ ಹುಳುವನ್ನು ಅದು ಮುಟ್ಟುವುದೂ ಇಲ್ಲ. ನಾಲೆ ಬದಿಯ ಹಸುವಿಗೆ ವರ್ಷಕ್ಕೆ ನಾಲ್ಕು ಸಲ ಅದನ್ನು ಚುಚ್ಚಿಸಿ, ಜಂತು ಹೋಗಿದೆ ಎಂದುಕೊಂಡರೆ ದುಡ್ಡೂ ಹೋಯಿತು, ಹಸುವೂ ಸೊರಗಿತು.

ಗುರುತು ಕಾಣುವ ಹೊತ್ತಿಗೆ ಹಾಲು ಆಗಲೇ ಇಳಿದಿರುತ್ತದಲ್ಲ, ಕಾಯುವುದು ನಷ್ಟವಲ್ಲವೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಡೆನ್ಮಾರ್ಕಿನಲ್ಲಿ 1999ರಿಂದ ವೈದ್ಯರ ಚೀಟಿಯಿಲ್ಲದೆ ಜಂತುಹುಳದ ಔಷಧಿ ಕೊಡುವಂತಿಲ್ಲ. ಅಲ್ಲಿ ಸಗಣಿ ಪರೀಕ್ಷೆಯಲ್ಲಿ ಮೊಟ್ಟೆ ಹೆಚ್ಚು ಕಂಡ ಕುದುರೆಗಳಿಗೆ ಮಾತ್ರ ಔಷಧಿ ಕೊಟ್ಟ ಕೆಲವು ಫಾರಂಗಳಲ್ಲಿ ಆ ಹಳೆಯ ಶತ್ರು ಸ್ಟ್ರಾಂಗೈಲಸ್ ಮತ್ತೆ ತಲೆಯೆತ್ತಿದ್ದನ್ನು ಸಂಶೋಧಕರು ಕಂಡರು. ಹಾಗಾಗಿ ಔಷಧಿಯನ್ನು ಪೂರಾ ಕೈಬಿಡಿ ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಲಾಗದು. ಎಳೆಗರುವಿಗೆ, ಈಯುವ ಆಸುಪಾಸಿನ ಕುರಿಗೆ, ಜಾತ್ರೆ ಸಂತೆಯಿಂದ ಕೊಂಡು ತಂದ ಪ್ರಾಣಿಗೆ ಗುರುತು ಕಾಣದಿದ್ದರೂ ಕೊಡಬೇಕು. ಈಯುವ ಹೊತ್ತಿಗೆ ಕುರಿಯ ಕಸುವು ಕುಗ್ಗಿ ಮೊಟ್ಟೆ ಬಿಡುವುದು ಹಲವು ಪಟ್ಟು ಏರುತ್ತದೆ, ಅದು ನೇರ ಮರಿಗಳ ಬಾಯಿಗೇ ಹೋಗುತ್ತದೆ. ರಾಮನಾಥಪುರದ ಜಾತ್ರೆಯಲ್ಲೋ ಬೂಕನಬೆಟ್ಟದ ಜಾತ್ರೆಯಲ್ಲೋ ಜೋಡಿ ಕೊಂಡು ತಂದರೆ ಎರಡು ದಿನ ಕೊಟ್ಟಿಗೆಯಲ್ಲೇ ಕಟ್ಟಿ, ಔಷಧಿ ಕೊಟ್ಟು, ಆ ಸಗಣಿಯನ್ನು ತಿಪ್ಪೆಗೆ ಹಾಕಿ, ಆಮೇಲೆ ಮೇಯಲು ಬಿಡಿ. ಎಲ್ಲಿಯದೋ ಔಷಧಿ ತಡೆಯುವ ಹುಳು ನಿಮ್ಮ ಹೊಲಕ್ಕೆ ಬರುವುದು ಹೀಗೆ ಕೊಂಡು ತಂದವುಗಳ ಹೊಟ್ಟೆಯಲ್ಲೇ.

ಬಿಳಿಚಿದ ರೆಪ್ಪೆಯೆಲ್ಲ ಜಂತುವಿನದೇ ಎಂದೂ ಹೇಳಲಾಗದು. ಮಿಶ್ರತಳಿ ಹಸುವಿನಲ್ಲಿ ಉಣ್ಣೆಯಿಂದ ಹರಡುವ ಥೈಲೇರಿಯಾ, ಬೆಬೀಸಿಯಾ ಜ್ವರಗಳೂ ರಕ್ತವನ್ನು ತಿನ್ನುತ್ತವೆ. ಮೈ ಸುಡುತ್ತಿದ್ದರೆ, ಭುಜದ ಮುಂದಿನ ಗಂಟು ಊದಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಜಂತುಹುಳದ ಸೀಸೆ ಕೆಳಗಿಟ್ಟು ಡಾಕ್ಟರನ್ನು ಕರೆಸಬೇಕು. ಅನುಮಾನ ಪರಿಹರಿಸುವ ದಾರಿ ಸಗಣಿ ಪರೀಕ್ಷೆ. ನೆಲಕ್ಕೆ ಬಿದ್ದು ಒಣಗಿದ್ದು ಬೇಡ. ಹಾಕಿದ ತಕ್ಷಣ ಮೇಲಿನದನ್ನು ನಿಂಬೆಹಣ್ಣಿನ ಗಾತ್ರ ತೆಗೆದು, ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ, ಯಾವ ದನದ್ದೆಂದು ಬರೆದು, ಬಿಸಿಲು ತಾಗಿಸದೆ ಅವತ್ತೇ ಪಶು ಆಸ್ಪತ್ರೆಗೆ ಮುಟ್ಟಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದು ಈ ಜಿಲ್ಲೆಯ ಭಾಗ್ಯ. ಚಪ್ಪಟೆ ಹುಳುವಿನ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲುವುದಿಲ್ಲ. ನೀರಿನಲ್ಲಿ ತಳಕ್ಕಿಳಿಸಿ ನೋಡುವ ಬೇರೆ ವಿಧಾನವಿದೆ. ನಾಲೆ ಬದಿಯಲ್ಲಿ ಮೇಯುವ ದನವೆಂದು ನೀವೇ ಹೇಳಿದರೆ ಅವರಿಗೆ ಅನುಕೂಲ. ಔಷಧಿ ಕೊಟ್ಟ ಹತ್ತು ಹದಿನಾಲ್ಕು ದಿನಕ್ಕೆ ಇನ್ನೊಮ್ಮೆ ಸಗಣಿ ತೋರಿಸಿದರೆ, ಆ ಔಷಧಿ ನಿಮ್ಮ ಮಂದೆಯಲ್ಲಿ ಇನ್ನೂ ನಾಟುತ್ತಿದೆಯೇ ಎಂಬುದು ಅಂಕಿಯಲ್ಲೇ ಸಿಗುತ್ತದೆ.

ಮನೆಮದ್ದಿನ ಬಗ್ಗೆ ಒಂದು ಎಚ್ಚರಿಕೆ. ಬೇವು, ಮುತ್ತುಗದ ಬೀಜಗಳ ಬಳಕೆ ಹಳೆಯದು, ಅವುಗಳಲ್ಲಿ ಗುಣವೂ ಇದ್ದೀತು; ಆದರೆ ರೆಪ್ಪೆ ಸುಣ್ಣವಾದ ಕುರಿಯನ್ನು ಉಳಿಸಲು ಅವನ್ನು ನಂಬಿ ಕೂರಬಾರದು. ಅರಕಲಗೂಡು ಹೊಗೆಸೊಪ್ಪಿನ ಸೀಮೆ. ಒಂದು ಕಾಲಕ್ಕೆ ವಿದೇಶಗಳಲ್ಲೂ ಮೈಲುತುತ್ತ ಮತ್ತು ನಿಕೋಟಿನ್ ಬೆರೆಸಿ ಕುರಿಗೆ ಕುಡಿಸುತ್ತಿದ್ದರು. ಹೊಗೆಸೊಪ್ಪಿನ ರಸ ಹುಳುವಿಗೆ ಎಷ್ಟು ವಿಷವೋ ಕುರಿಗೂ ಅಷ್ಟೇ ವಿಷ, ಮೈಲುತುತ್ತದಲ್ಲಿರುವ ತಾಮ್ರವನ್ನು ಕುರಿ ತಾಳುವುದೇ ಇಲ್ಲ. ಅದನ್ನು ಮಾಡಲೇಬೇಡಿ. ಗೊಟ್ಟದಲ್ಲಿ ಕುಡಿಸುವಾಗ ತಲೆಯನ್ನು ಆಕಾಶಕ್ಕೆತ್ತಿ ನಾಲಿಗೆ ಎಳೆದು ಹಿಡಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಮರಿಗೆ ಅಂಗವೈಕಲ್ಯ ಬರುವ ಅಪಾಯವಿದೆ. ಔಷಧಿ ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು ಎಂಬುದನ್ನು ಸೀಸೆಯ ಚೀಟಿಯಲ್ಲಿ ಬರೆದಿರುತ್ತಾರೆ. ಆ ಹಾಲು ಕುಡಿಯುವವರು ನಮ್ಮಂಥವರ ಮಕ್ಕಳೇ.

ಉಳಿದದ್ದು ಮೇವಿನ ಜಾಣತನ. ಮರಿಹುಳು ಹುಲ್ಲಿನ ಬುಡದಿಂದ ನಾಲ್ಕೈದು ಅಂಗುಲದೊಳಗೇ ಇರುತ್ತದೆ, ತೇವವಿದ್ದಾಗ ಮೇಲೇರುತ್ತದೆ. ಇಬ್ಬನಿ ಆರಿದ ಮೇಲೆ ಮಂದೆ ಬಿಡುವುದಕ್ಕೆ, ಬೋಳಾದ ಹುಲ್ಲನ್ನು ಮತ್ತೆ ಮೇಯಿಸದಿರುವುದಕ್ಕೆ, ಮರಿಗಳನ್ನು ನಾಲೆ ಬದಿಗೆ ಬಿಡದೆ ಕೊಯ್ದ ರಾಗಿ ಹೊಲದ ಕೂಳೆಗೆ ಅಟ್ಟುವುದಕ್ಕೆ ಕಾಸಿನ ಖರ್ಚಿಲ್ಲ. ಈ ವಾರವೇ ಒಂದು ಬೆಳಿಗ್ಗೆ, ಬಿಸಿಲು ಬಂದ ಮೇಲೆ, ನಿಮ್ಮ ಕುರಿ ಮೇಕೆಗಳ ಕೆಳರೆಪ್ಪೆಯನ್ನು ಒಂದೊಂದಾಗಿ ಬಿಡಿಸಿ ನೋಡಿ, ಬಿಳಿಚಿದ್ದಕ್ಕೆ ಕೊರಳಿಗೊಂದು ದಾರ ಕಟ್ಟಿ ಗುರುತು ಮಾಡಿ. ಏನು ಕೊಡಬೇಕು ಎಂದು ತಿಳಿಯದಿದ್ದರೆ ಪಶು ಸಂಜೀವಿನಿ ಸಹಾಯವಾಣಿಯ ಸಂಖ್ಯೆ 1962.